ಈ ಬೇಸಿಗೆ ನನ್ನ ಬಲಕ್ಕೆ ಕೂರು

ಪ್ರೀತಿಯ ದೋಸ್ತಾ,

ಈ ಸಲ ರಾಮನವಮಿ ಕಛೇರಿಗೆ ಹೋಗಲೇಬೇಕು. "ಮುಂದಿನ ವರ್ಷ ನೋಡುವಾ" ಅನ್ನುವ ಮಾತು ನಿನ್ನ ಬಾಯಿಂದ ಬರಬಾರದು. ಅದಕ್ಕೇ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ವಾಟ್ಸಾಪ್‌ಗೆ ಕಳಿಸಿದರೆ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಬರುವುದಿಲ್ಲ. ಇಲ್ಲಾದರೆ ಕಾರವಾರದ ನಿನ್ನ ಆಫೀಸಿನವರು ಓದುತ್ತಾರೆ, ಶಿರಸಿ ಕಡೆಯ ನನ್ನ ನೆಂಟರು ಓದುತ್ತಾರೆ, ಕುಮಟಾ ಕಾಲೇಜಿನ ನಮ್ಮ ಹಳೆಯ ಗುಂಪಂತೂ ಓದಿ ನಿನಗೆ ಫೋನೇ ಮಾಡುತ್ತದೆ. ಈಗ ತಪ್ಪಿಸಿಕೋ, ನೋಡುವಾ.

ಯಾವ ರಾಮನವಮಿ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯವರು ನಡೆಸುವ ಸಂಗೀತೋತ್ಸವ ಇದು. ಶುರುವಾದದ್ದು 1939ರಲ್ಲಿ. ಶುರು ಮಾಡಿದ ಎಸ್.ವಿ. ನಾರಾಯಣಸ್ವಾಮಿ ರಾವ್ ಆಗ ಇನ್ನೂ ಹುಡುಗ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ದೊಡ್ಡ ಪೆಂಡಾಲ್ ಹಾಕಿ, ಬೇಸಿಗೆಯಲ್ಲಿ ಒಂದು ತಿಂಗಳಿನಷ್ಟು ಕಾಲ ಕಛೇರಿಗಳು ನಡೆಯುತ್ತವೆ. ಚೆಂಬೈ, ಶೆಮ್ಮಂಗುಡಿ, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಉತ್ಸವ. ನಮ್ಮ ಭೀಮಸೇನ ಜೋಷಿಯವರೂ ಅಲ್ಲಿ ಹಾಡಿದ್ದಾರೆ. ಕರ್ನಾಟಕ ಸಂಗೀತ ಜಾಸ್ತಿ, ನಡುನಡುವೆ ಹಿಂದೂಸ್ತಾನಿ. ನಮ್ಮ ಕಡೆಯ ಕಿವಿಗೆ ಹಿಂದೂಸ್ತಾನಿಯೇ ಮೊದಲು, ನಿಜ. ಆದರೆ ಒಳ್ಳೆಯ ಹಂಸಧ್ವನಿ ರಾಗ ಯಾರು ಹಾಡಿದರೂ ಹಂಸಧ್ವನಿಯೇ ಅಂತ ನೀನೇ ಹೇಳಿದ್ದೆ. ಮೂರನೇ ಲೋಟದ ರಾತ್ರಿ. ನೆನಪಿದೆಯಾ?

ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗುವಾ ಅಂತ ನೀನು ಕಾಲೇಜಿನಿಂದಲೂ ಹೇಳುತ್ತಾ ಬಂದೆ. 1953ರಿಂದ ನಡೆಯುತ್ತಿದೆ, ಕುಂದಗೋಳದ ಗುರುವಿನ ಹೆಸರಿನಲ್ಲಿ ಭೀಮಸೇನರು ಕಟ್ಟಿದ್ದು, ಎಲ್ಲ ಸರಿ. ಅದು ನಡೆಯುವುದು ಡಿಸೆಂಬರ್‌ನಲ್ಲಿ. ಡಿಸೆಂಬರ್ ಅಂದರೆ ನಮ್ಮಲ್ಲಿ ಕೊನೆ ಕೊಯ್ಲು, ಅಡಿಕೆ ಗೊನೆ ಇಳಿಸುವ ಕಾಲ. ಮರ ಹತ್ತಿ ಕೊಯ್ಯುವ ಕೊನೆಗೌಡ ಬರುತ್ತೇನೆ ಅಂದ ದಿನ ತೋಟದವನು ಪುಣೆಯಲ್ಲಿ ಕೂತಿದ್ದರೆ, ಆಮೇಲೆ ಅವನನ್ನು ಹಿಡಿಯುವುದು ಯಾರು? ಕೊನೆ ಇಳಿದ ಮೇಲೆ ಸುಲಿಯಬೇಕು, ಬೇಯಿಸಬೇಕು, ಅಟ್ಟಕ್ಕೆ ಹಾಕಿ ಒಣಗಿಸಬೇಕು. ಸಂಕ್ರಾಂತಿ ದಾಟುವವರೆಗೆ ತಲೆ ಎತ್ತಲು ಆಗುವುದಿಲ್ಲ. ಏಪ್ರಿಲ್ ಹಾಗಲ್ಲ. ದರಕು, ಅಂದರೆ ಒಣಗಿದ ಎಲೆ, ಗುಡಿಸಿ ಆಗಿರುತ್ತದೆ, ತೋಟಕ್ಕೆ ನೀರು ಬಿಟ್ಟರೆ ಮುಗಿಯಿತು, ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯಲು ಇನ್ನೂ ಮಳೆ ಬರಬೇಕು. ಅಡಿಕೆಯವರಿಗೆ ಅಂತಲೇ ಇಟ್ಟ ಹಾಗಿದೆ ಈ ಉತ್ಸವ. ಅಡ್ಡ ಬರುವುದು ಮದುವೆ, ಮುಂಜಿ. ಈ ವರ್ಷ ಬರುವ ಮುಂಜಿ ಕಾಗದಗಳಿಗೆಲ್ಲ ನನ್ನ ಹೆಂಡತಿ ಮತ್ತು ಆಯಿ ಹೋಗುವುದು ಅಂತ ಈಗಲೇ ಮಾತಾಗಿದೆ.

ಇನ್ನು ಟಿಕೆಟ್. ಕಛೇರಿಯ ಟಿಕೆಟ್ ಒಂದು, ರೈಲಿನದ್ದು ಇನ್ನೊಂದು. ಕಛೇರಿಗೆ ಸೀಸನ್ ಟಿಕೆಟ್ ಇದೆ, ದಿನದ ಟಿಕೆಟ್ ಇದೆ. ಸೀಸನ್ ಟಿಕೆಟ್ ಅಲ್ಲೇ ಮನೆ ಇದ್ದವರಿಗೆ ಸರಿ. ನಮಗೆ ದಿನದ ಟಿಕೆಟ್ ಸಾಕು. ಏಪ್ರಿಲ್ ನಡುವಿನ ಒಂದು ವಾರ ಹಿಡಿದು, ಮಂಗಳವಾರದಿಂದ ಗುರುವಾರದವರೆಗೆ ಮೂರು ಸಂಜೆ ಕೂರುವಾ. ಶನಿವಾರ, ಭಾನುವಾರ ಬೇಡ. ಊರಿಗೆ ಊರೇ ಬಂದಿರುತ್ತದೆ.

ಸಂಗೀತಕ್ಕೆ ಟಿಕೆಟ್ ಕೊಳ್ಳುವುದು ಅಂದರೆ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಇರುಸುಮುರುಸು, ಅಲ್ವಾ? ಬನವಾಸಿಯ ಕದಂಬೋತ್ಸವಕ್ಕೆ ಸುಮ್ನೆ ಹೋಗಿ ಕೂತವರು. ಕಾರವಾರದ ಕರಾವಳಿ ಉತ್ಸವದಲ್ಲಿ ಮರಳ ಮೇಲೆ ಚಾಪೆ ಹಾಸಿದವರು. ಯಾರದೋ ಮನೆಯ ಜಗುಲಿಯಲ್ಲಿ ರಾತ್ರಿಯಿಡೀ ಬೈಠಕ್ ಕೇಳಿ, ಬೆಳಿಗ್ಗೆ ಅವರ ಮನೆಯದೇ ಅವಲಕ್ಕಿ ತಿಂದು ಎದ್ದು ಬಂದವರು. ಆ ಪುಣ್ಯ ದೊಡ್ಡದು, ಬಿಡು. ಆದರೆ ತಿಂಗಳುಗಟ್ಟಲೆ ಪೆಂಡಾಲ್, ಮೈಕು, ದೂರದಿಂದ ಬರುವ ಕಲಾವಿದರ ಓಡಾಟ, ಪಕ್ಕವಾದ್ಯದವರ ಸಂಭಾವನೆ, ಇದೆಲ್ಲ ಎಲ್ಲಿಂದ ಬರಬೇಕು? ಕೇಳುವವನು ತನ್ನ ಪಾಲು ಕೊಡುವುದು ಮರ್ಯಾದೆ. ನಾನು ಇಬ್ಬರದ್ದೂ ತೆಗೆಯುತ್ತೇನೆ. ನೀನು ಜೇಬಿಗೆ ಕೈ ಹಾಕಬೇಡ.

ರೈಲಿನದ್ದು ನಿನ್ನ ಪಾಲು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ಮೇಲಿನ ಬೆಟ್ಟಕ್ಕೆ ಹೋಗಿ ಹಲಸಿನ ಮರದ ಹತ್ತಿರ ನಿಲ್ಲಬೇಕು. ಅಲ್ಲಿ ಕ್ಯಾಪ್ಚಾ ಮೂಡುವಷ್ಟರಲ್ಲಿ ಕಾರವಾರದಲ್ಲಿ ನಿನಗೆ ಎರಡು ಬರ್ತ್ ಸಿಕ್ಕಿರುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಹೊರಟರೆ ಬೆಳಿಗ್ಗೆ ಬೆಂಗಳೂರು. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಹಳೆಯ ಲೆಕ್ಕ ಹಿಡಿದು ಕೂರಬೇಡ. ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಗೋಕರ್ಣ, ಮುರ್ಡೇಶ್ವರಕ್ಕೆ ಬಂದವರೆಲ್ಲ ಅದೇ ರೈಲಿಗೆ ವಾಪಸ್ ಹತ್ತುತ್ತಾರೆ. ತತ್ಕಾಲ್ ಇದೆ ಅಂತ ನಂಬಿ ಕೂತರೆ ಕಷ್ಟ. ಅದು ಹೊರಡುವ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈನಿಂದ ಆಧಾರ್ ಜೋಡಿಸದ ಖಾತೆಯಿಂದ ಆನ್‌ಲೈನ್ ತತ್ಕಾಲ್ ಸಿಗುವುದೂ ಇಲ್ಲ. ಯಾವುದಕ್ಕೂ ಇವತ್ತೇ ಆ ಆಧಾರ್ ಕೆಲಸ ಮುಗಿಸು.

ಇಬ್ಬರನ್ನೂ ಒಂದೇ ಟಿಕೆಟ್‌ನಲ್ಲಿ ಹಾಕು. ಹಾಗೆ ಮಾಡಿದರೆ ಹತ್ತುವ ನಿಲ್ದಾಣವೂ ಒಂದೇ ಕೊಡಬೇಕು. ನಾನು ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಹತ್ತುವುದು ಸುಲಭ, ಆದರೂ ಕಾರವಾರಕ್ಕೇ ಬರುತ್ತೇನೆ. ಮಧ್ಯಾಹ್ನವೇ ಬಂದರೆ ಸ್ವಲ್ಪ ಹೊತ್ತು ಕಾಳಿ ಸಂಗಮದ ಹತ್ತಿರ ಕೂತು ಮಾತಾಡಬಹುದು. ಆಮೇಲೆ ನಿನ್ನ ಸ್ಕೂಟರಿನಲ್ಲಿ ಶಿರವಾಡದ ಸ್ಟೇಷನ್ನಿಗೆ.

ಬೆಂಗಳೂರಲ್ಲಿ ಇಳಿದ ಮೇಲೆ ಆಟೋದವರ ಜೊತೆ ವಾದ ಬೇಡ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ, ಚಿಕ್ಕಪೇಟೆ ಬಿಟ್ಟರೆ ಮುಂದಿನದೇ ಮಾರ್ಕೆಟ್. ಅಲ್ಲಿಂದ ನಡೆದರೆ ಕೋಟೆ ಹೈಸ್ಕೂಲು. ಹಗಲಿನಲ್ಲಿ ಸಾಹಿತ್ಯ ಪರಿಷತ್ತಿಗೆ ಹೋಗಿ ಪುಸ್ತಕ ನೋಡಬಹುದು, ಅದೂ ಚಾಮರಾಜಪೇಟೆಯೇ. ಸಂಜೆಗೆ ಪೆಂಡಾಲ್.

ಪೆಂಡಾಲಿನಲ್ಲಿ ನಾವು ಎಡಗಡೆ ಕೂರುವಾ. ತೀರ ಮುಂದೂ ಬೇಡ, ಸ್ಪೀಕರ್ ಪಕ್ಕವೂ ಬೇಡ. ನೀನು ನನ್ನ ಬಲಕ್ಕೆ ಕೂರು. ಯಾಕೆ ಅಂತ ನೀನು ಕೇಳೇ ಕೇಳುತ್ತೀ. ಸುಮ್ನೆ ಅಂತ ಬರೆದು ಮುಂದೆ ಹೋಗುವಾ ಅಂತಿದ್ದೆ. ಆಗುತ್ತಿಲ್ಲ.

ನನ್ನ ಎಡಗಿವಿ ಸರಿಯಾಗಿ ಕೇಳುತ್ತಿಲ್ಲ ದೋಸ್ತಾ. ಬಲಗಿವಿಯೂ ಮೊದಲಿನ ಹಾಗಿಲ್ಲ.

ಗೊತ್ತಾದದ್ದು ತಂಬೂರಿಯಿಂದ. ತಂಗಿಯ ಮಗಳು ಭಾನುವಾರ ಅಭ್ಯಾಸಕ್ಕೆ ಬರುತ್ತಾಳೆ. ದಿನಾ ಮೊಬೈಲ್ ತಂಬೂರಿ ಯಾಕೆ ಅಂತ, ಅಪ್ಪ ಮೀರಜದಿಂದ ತಂದಿದ್ದನ್ನು ಗವಸು ಬಿಚ್ಚಿ ಇಳಿಸಿದೆ. ಶ್ರುತಿ ಸೇರಿಸಿ, ತಂತಿಗಳು ಹಾಯುವ ಕುದುರೆಯ ಮೇಲೆ ತಂತಿಯ ಅಡಿ ನೂಲು ಸಿಕ್ಕಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ಹುಡುಕುತ್ತಾ ಕೂತೆ. ನಿನಗೆ ಗೊತ್ತಲ್ಲ, ನೂಲು ಒಂದು ಚೂರು ಸರಿದರೆ ಸಾಕು, ಮಂಕಾಗಿದ್ದ ತಂತಿ ಒಮ್ಮೆಲೇ ತೆರೆದುಕೊಳ್ಳುತ್ತದೆ. ನಾನು ಬೆರಳ ತುದಿಯಲ್ಲಿ ಸರಿಸಿದೆ, ಮೀಟಿದೆ. ಮತ್ತೆ ಸರಿಸಿದೆ, ಮೀಟಿದೆ. ತೆರೆದುಕೊಳ್ಳಲೇ ಇಲ್ಲ. "ಮಾವಾ, ಬಂದಿತ್ತು. ದಾಟಿ ಹೋತು" ಅಂದಳು ಹುಡುಗಿ. ಹಿಂದಕ್ಕೆ ತಂದೆ. "ಹಾಂ, ಈಗ ಬಂತು, ಬಿಡು" ಅಂದಳು. ಅವಳ ಮುಖ ಅರಳಿತು. ನನಗೆ ಕೇಳಿದ್ದು ತಂತಿಯ ದಪ್ಪ ದನಿ ಅಷ್ಟೇ. ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿಯಿಂದ ತಾನಾಗಿಯೇ ಏಳುವ ಗಾಂಧಾರ ಕೂಡ ಕೇಳಿತು. ಅದರ ಮೇಲಿನ ಹೊಳಪು ಇರಲಿಲ್ಲ. ನಾಲ್ಕೂ ತಂತಿಗೆ ನೂಲು ಕೂರಿಸಿದ್ದು ಅವಳ ಕಿವಿ. ನನ್ನದು ಬರೀ ಕೈ.

ಹುಬ್ಬಳ್ಳಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅನ್ನುತ್ತಾರೆ. ಗುಂಡಿ ಒತ್ತದೆ ಹೋಗುವ ಹೊತ್ತು ಬಹಳ ಉದ್ದ ಅನ್ನಿಸುತ್ತದೆ. ಆಮೇಲೆ ಗ್ರಾಫ್ ತೋರಿಸಿದರು. ಕೆಳಗಿನ ಸ್ವರಗಳಲ್ಲೆಲ್ಲ ಗೆರೆ ನೆಟ್ಟಗೆ ಬಂದು, 4000 ಹರ್ಟ್ಸ್ ಹತ್ತಿರ ಹೊಂಡಕ್ಕೆ ಬಿದ್ದಿತ್ತು. ಗದ್ದಲದಲ್ಲಿ ಕೆಲಸ ಮಾಡುವವರಿಗೆ ಮೊದಲು ಪೆಟ್ಟು ಬೀಳುವುದು ಅಲ್ಲೇ ಅಂತೆ. ಎಂತ ಕೆಲಸ ಅಂತ ಕೇಳಿದರು. ಅಡಿಕೆ ತೋಟ ಅಂದೆ. ತೋಟದಲ್ಲಿ ಎಂಥ ಗದ್ದಲ ಅಂತ ಅವರಿಗೆ ಆಶ್ಚರ್ಯ. ವೀಡ್ ಕಟರ್ ಬಗ್ಗೆ ಹೇಳಿದೆ. ಅಡಿಕೆ ಸುಲಿಯುವ ಮಶಿನ್ ಬಗ್ಗೆ ಹೇಳಿದೆ.

ತೋಟದವರು ಯಾರಾದರೂ ಓದುತ್ತಿದ್ದರೆ ಇದನ್ನು ದಯವಿಟ್ಟು ಕೇಳಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಒಂದು ಲೆಕ್ಕವಿದೆ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ. 100ಕ್ಕೆ ಬಂದರೆ 15 ನಿಮಿಷ. ಹುಲ್ಲು ಹೊಡೆಯುವ ಯಂತ್ರ ಸುಲಭದಲ್ಲಿ ಅಲ್ಲಿಗೆ ಮುಟ್ಟುತ್ತದೆ, ನಾವು ಅದನ್ನು ಬೆನ್ನಿಗೆ ಕಟ್ಟಿಕೊಂಡು ಮಧ್ಯಾಹ್ನದವರೆಗೆ ತಿರುಗುತ್ತೇವೆ. ಒಳಗಿವಿಯಲ್ಲಿ ಕೂದಲಿನಂಥ ಸಣ್ಣ ಕೋಶಗಳಿರುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿ ಮುಚ್ಚುವ ಮಫ್ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗನಿಗೂ ಒಂದು ತಂದುಕೊಟ್ಟೆ. ಸೆಕೆ ಅಂತ ತೆಗೆದಿಡುತ್ತಾನೆ. ನಾನೇ ನಿಂತು ಹಾಕಿಸುತ್ತೇನೆ.

ಮಶಿನ್ ಹಾಕಿ ನೋಡಿದೆ. ಕಿವಿಯ ಮಶಿನ್ ಮಾತಿಗಾಗಿ ಮಾಡಿದ್ದು. ಮಾತು ನಿಜಕ್ಕೂ ಚೊಕ್ಕ ಕೇಳಿತು. ಅಂಗಳದಲ್ಲಿ ಆಯಿ ಹಪ್ಪಳದ ಹಿಟ್ಟು ಕುಟ್ಟುತ್ತಾ ತನ್ನಷ್ಟಕ್ಕೆ ಹೇಳಿಕೊಳ್ಳುವ ಹಾಡು ಜಗುಲಿಗೆ ಕೇಳಿತು. ಅವಳು ಇನ್ನೂ ಹಾಡುತ್ತಾಳೆ ಅಂತಲೇ ನನಗೆ ಗೊತ್ತಿರಲಿಲ್ಲ. ತಂಬೂರಿ ಹಿಡಿದರೆ ಮಾತ್ರ ಬೇರೆ ಕಥೆ. ಒಂದೇ ಸಮನೆ ನಿಂತ ಸ್ವರವನ್ನು ಆ ಮಶಿನ್ ತನ್ನದೇ ಸಿಳ್ಳೆ ಅಂತ ತಿಳಿದು ಅಡಗಿಸಲು ನೋಡುತ್ತದೆ. ಷಡ್ಜ ನಡುಗುತ್ತದೆ. ಕೊಳಲೂ ಹಾಗೆಯೇ. ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡುತ್ತೇನೆ, ಸಿಳ್ಳೆ ತಡೆಯುವುದನ್ನು, ಗದ್ದಲ ಇಳಿಸುವುದನ್ನು ಕಡಿಮೆ ಮಾಡುತ್ತೇನೆ ಅಂದಿದ್ದಾರೆ. ಮಾರ್ಚ್‌ನಲ್ಲಿ ಮತ್ತೆ ಹೋಗಬೇಕು.

ಇಷ್ಟಾದರೆ ಸಹಿಸಬಹುದಿತ್ತು. ನನ್ನನ್ನು ಕಾಡುತ್ತಿರುವುದು ಇನ್ನೊಂದು. ಮೊನ್ನೆ ಶಿರಸಿಯಲ್ಲಿ ಒಂದು ಗಾಯನ ಇತ್ತು. ಯಮನ್ ರಾಗ. ತಬಲಾ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ಸಭೆಯೆಲ್ಲ "ವಾಹ್" ಅಂದಿತು, ನಾನೂ ಅಂದೆ. ಅಂದ ಮೇಲೆ ಹೊಳೆಯಿತು, ನಾನು ಅದನ್ನು ಕೇಳಿ ಅಂದದ್ದಲ್ಲ. ಮುಂದಿನ ಸಾಲಿನ ತಲೆಗಳು ಅಲ್ಲಾಡಿದ್ದನ್ನು ನೋಡಿದ್ದೆ. ಯಮನ್ ಎಷ್ಟು ಕೇಳಿದ್ದೇವೆ ನಾವು! ತೀವ್ರ ಮಧ್ಯಮ ಎಲ್ಲಿ ಬರುತ್ತದೆ, ನಿಷಾದಕ್ಕೆ ಹೇಗೆ ಏರುತ್ತಾರೆ, ಎಲ್ಲ ತಲೆಯೊಳಗೇ ಇದೆ. ಗಾಯಕಿ ಒಂದು ಎಳೆ ಕೊಟ್ಟರೆ ಉಳಿದದ್ದನ್ನು ನಾನೇ ತುಂಬಿಕೊಳ್ಳುತ್ತಿದ್ದೇನೆ. ಹಾಗಾದರೆ ಆ ಸಂಜೆ ನಾನು ಕೇಳಿದ್ದು ಯಾರ ಯಮನ್? ಅವಳು ಅವತ್ತೇ ಹೊಸದಾಗಿ ಏನಾದರೂ ಇಟ್ಟಿದ್ದರೆ, ಅದು ನನಗೆ ಬಂದು ಮುಟ್ಟಿತಾ? ಮನೆಗೆ ಬಂದು ರಾತ್ರಿಯೆಲ್ಲ ಇದೇ. ಎದೆ ಭಾರ ಆಯಿತು ಮಾರಾಯಾ. ಅಪ್ಪ ಹೋದಾಗಲೂ ನಾನು ಹೀಗೆ ಎದ್ದು ಕೂತಿರಲಿಲ್ಲ.

ಅದಕ್ಕೇ ಈ ವರ್ಷ. ಮುಂದಿನ ವರ್ಷ ಆ ಗೆರೆ ಇನ್ನೂ ಎಷ್ಟು ಇಳಿಯುತ್ತದೋ, ಇಳಿಯದೆಯೇ ನಿಲ್ಲುತ್ತದೋ, ಗೊತ್ತಿಲ್ಲ. ಇರುವಷ್ಟು ಕಿವಿ ತೆಗೆದುಕೊಂಡು ದೊಡ್ಡ ಪೆಂಡಾಲಿನಲ್ಲಿ ಕೂರಬೇಕು. ನನಗೆ ಅಷ್ಟಾಗಿ ಗೊತ್ತಿಲ್ಲದ ರಾಗಗಳನ್ನೇ ಕೇಳಬೇಕು. ಹಿಂದೂಸ್ತಾನಿಯ ದಿನವೇ ಬೇಕು ಅಂತ ಈ ಸಲ ನಾನು ಹಟ ಹಿಡಿಯುತ್ತಿಲ್ಲ, ಗಮನಿಸಿದೆಯಾ? ತಲೆಯಲ್ಲಿ ಮೊದಲೇ ಇಲ್ಲದ ಹಾಡು ಬಂದರೆ ತುಂಬಿಕೊಳ್ಳಲು ಆಗುವುದಿಲ್ಲ. ಮುಟ್ಟಿದ್ದಷ್ಟೇ ಮುಟ್ಟುತ್ತದೆ. ಮೃದಂಗ, ಘಟ ನನಗೆ ಈಗಲೂ ಪೂರ್ತಿ ಸಿಗುತ್ತವೆ, ಅದೊಂದು ಸಂತೋಷ. ಪಿಟೀಲು ತಾರಕ್ಕೆ ಏರಿದಾಗ ಏನಾಗುತ್ತದೆ ಅಂತ ನನ್ನ ಬಲಗಿವಿಗೆ ಬಾಗಿ ಹೇಳು. ಗಮಕ ಹಿಡಿಯಲು ನಿನ್ನಷ್ಟು ಚುರುಕು ನಮ್ಮ ಗುಂಪಿನಲ್ಲಿ ಯಾರೂ ಇರಲಿಲ್ಲ. ಪಕ್ಕದವರು ಶ್ ಅಂದರೆ ನಾನು ಕೈ ಮುಗಿಯುತ್ತೇನೆ.

ಇದನ್ನು ಮನೆಯಲ್ಲಿ ಇನ್ನೂ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಹುಬ್ಬಳ್ಳಿಗೆ ಹೋದದ್ದು ಪಂಪಿನ ಸಾಮಾನಿಗೆ ಅಂತ ಇವಳು ತಿಳಿದಿದ್ದಾಳೆ. ಬರೆದಿಟ್ಟ ಹಾಳೆಗಳನ್ನು ಇಷ್ಟು ಹೊತ್ತಿಗೆ ಅವಳು ಓದಿ ಆಯಿತು ಅಂತ ಕಾಣುತ್ತದೆ. ಅಡುಗೆ ಮನೆಯ ಕಡೆಯಿಂದ ಸದ್ದೇ ಇಲ್ಲ. ಎದ್ದು ಹೋಗಿ ಮಾತಾಡಿ ಬರುತ್ತೇನೆ.

ಬಂದೆ. ಮಾತಾಡಿದೆವು. ಮಾರ್ಚ್‌ನಲ್ಲಿ ಅವಳೂ ಹುಬ್ಬಳ್ಳಿಗೆ ಬರುತ್ತಾಳೆ. ಬೆಂಗಳೂರಿಗೆ ನೀವಿಬ್ಬರೇ ಹೋಗಿ, ನನಗೆ ಅಷ್ಟು ಹೊತ್ತು ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ ಅಂದಳು. ಹಾಗಾಗಿ ಬರ್ತ್ ಎರಡೇ. ಕೆಳಗಿನದು ನಿನಗೆ, ಮಧ್ಯದ್ದು ನನಗೆ. ನಿನ್ನ ಗೊರಕೆಯ ಬಗ್ಗೆ ಈ ಸಲ ನನ್ನದೇನೂ ತಕರಾರಿಲ್ಲ, ಬಲಗಿವಿ ದಿಂಬಿಗೆ ಒತ್ತಿ ಮಲಗಿದರೆ ಒಳ್ಳೆಯ ನಿದ್ದೆ. ಸುಬ್ರಹ್ಮಣ್ಯ ದಾಟಿ ಸಕಲೇಶಪುರದ ಘಟ್ಟ ಹತ್ತುವಾಗ ಮಾತ್ರ ಎಬ್ಬಿಸು. 50ಕ್ಕೂ ಹೆಚ್ಚು ಸುರಂಗಗಳಿವೆ ಅಲ್ಲಿ. ಒಳಗೆ ಹೊಕ್ಕಾಗ ರೈಲಿನ ದನಿ ಹೇಗೆ ಖರ್ಜಕ್ಕೆ ಇಳಿಯುತ್ತದೆ ನೋಡು. ಅದು ನನಗೆ ಚೆನ್ನಾಗಿ ಕೇಳುತ್ತದೆ.

ಬುತ್ತಿ ನಾನು ತರುತ್ತೇನೆ. ತೊಡದೇವು, ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ. ಹೊಸ ಹಲಸಿನ ಹಪ್ಪಳದ ಒಂದು ಕಟ್ಟು ನಿನ್ನ ಮನೆಗೆ. ಪೆಂಡಾಲಿನಲ್ಲಿ ಪಾನಕ, ಕೋಸಂಬರಿ ಸಿಕ್ಕರೆ ನನ್ನ ಪಾಲಿನ ಕೋಸಂಬರಿ ನಿನಗೇ. ಏಪ್ರಿಲ್ ಮಳೆ ಹೇಳಲಿಕ್ಕಾಗದು, ಕೊಡೆ ಇರಲಿ.

ನಿನ್ನ ಆಧಾರ್ ಕೆಲಸ ಆದ ಕೂಡಲೇ ತಿಳಿಸು, ತಾರೀಕು ಹೇಳುತ್ತೇನೆ. ಒಂದೇ ಟಿಕೆಟ್, ಕಾರವಾರದಿಂದ, ಇಬ್ಬರು.

ನಿನ್ನ ದೋಸ್ತ